ಕೈ ಕೊರಳಿಗೆ ಹೋದಾಗ

ಹಾರನಹಳ್ಳಿಯ ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕ, ಗೋಡೆಗೆ ಒಂದು ಮೊಳೆ ಇದೆ. ಹನ್ನೊಂದು ವರ್ಷ ನನ್ನ ಹೆಂಡತಿ ಗಿರಿಜೆ ಹೊರಗಿನಿಂದ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಆ ಮೊಳೆಯನ್ನು. ಅಲ್ಲಿ ನಾನು ಕೊರಳಿಗೆ ಹಾಕುವ ಇಷ್ಟಲಿಂಗದ ಕರಡಿಗೆ ನೇತಾಡುತ್ತಿದ್ದರೆ ನಾನು ಕುಡಿಯಲು ಹೋಗಿದ್ದೇನೆ ಎಂದು ಅರ್ಥ. ಮೊಳೆ ಖಾಲಿ ಇದ್ದರೆ ಅವತ್ತಿನ ಅನ್ನಕ್ಕೆ ನನ್ನ ಪಾಲೂ ಸೇರಿಸಿ ಅಕ್ಕಿ ತೊಳೆಯುತ್ತಿದ್ದಳು.

ನಮ್ಮಲ್ಲಿ ಲಿಂಗ ಕಟ್ಟಿದ ಮೇಲೆ ಅದನ್ನು ಮೈಯಿಂದ ದೂರ ಇಡಬಾರದು. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಕೊರಳಲ್ಲಿ ಬೆಳ್ಳಿ ಕರಡಿಗೆ ಇಟ್ಟುಕೊಂಡು ಬ್ರಾಂದಿ ಅಂಗಡಿಯ ಮೆಟ್ಟಿಲು ಹತ್ತುವುದು ಅದಕ್ಕಿಂತ ದೊಡ್ಡ ಪಾಪ ಎಂದು ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ. ತೆಗೆದಿಟ್ಟು ಹೋಗುವುದು, ಬಂದು ಮಾರನೆಯ ದಿನ ಸ್ನಾನ ಮಾಡಿ ಮತ್ತೆ ಹಾಕಿಕೊಳ್ಳುವುದು. "ನೋಡೇ ಗಿರಿಜೆ, ಲಿಂಗ ಹಾಕ್ಕಂಡು ನಾನು ಒಂದು ತೊಟ್ಟು ಮುಟ್ಟಿದೋನಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಅವಳು ಒಂದು ಸಲ ಮಾತ್ರ ಉತ್ತರ ಕೊಟ್ಟಳು. "ಹಂಗಾದ್ರೆ ಶಿವನ್ನ ಮೊಳೆಗೆ ನೇತಾಕಿ ನನ್ನನ್ನ ಕಾವಲಿಗೆ ಕೂರ್ಸ್ತೀರಾ?" ನನಗೆ ಸಿಟ್ಟು ಬಂದು ಅವತ್ತು ಇನ್ನೂ ಜಾಸ್ತಿ ಕುಡಿದೆ.

ಇದನ್ನೆಲ್ಲ ಹೇಳುವುದಕ್ಕೆ ನಾಚಿಕೆ ಆಗುವುದಿಲ್ಲವೇ ಎಂದು ನಮ್ಮ ಬೀದಿಯವರು ಕೇಳುತ್ತಾರೆ. ಆಗುತ್ತದೆ. ಆದರೆ ಕುಡಿದು ಚರಂಡಿ ಪಕ್ಕ ಬಿದ್ದಾಗ ಆಗದ ನಾಚಿಕೆಯನ್ನು ಕುಡಿಯದೆ ಮೂರನೇ ವರ್ಷ ನಡೆಯುತ್ತಿರುವಾಗ ಇಟ್ಟುಕೊಂಡು ಏನು ಮಾಡಲಿ?

ನನ್ನ ಕಸುಬು ಕೊಬ್ಬರಿ ಬಿಡಿಸುವುದು. ನಮ್ಮ ಅರಸೀಕೆರೆ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಗ ಸಿಪ್ಪೆ ಸುಲಿದು, ಕರಟಕ್ಕೆ ಮಚ್ಚಿನಿಂದ ಸುತ್ತಲೂ ಹದವಾಗಿ ಬಡಿದು, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ಹೊರಗೆ ತೆಗೆಯಬೇಕು. ಏಟು ಕೂದಲೆಳೆಯಷ್ಟು ಹೆಚ್ಚಾದರೆ ಉಂಡೆ ಹೋಳಾಗುತ್ತದೆ. ಹೋಳಾದದ್ದನ್ನು ಮಾರುಕಟ್ಟೆಯಲ್ಲಿ ಮೂಸುವವರಿಲ್ಲ. "ಸಿದ್ದೇಶನ ಕೈಗೆ ಕೊಟ್ರೆ ಕೊಬ್ಬರಿ ತಾನೇ ಎದ್ದು ಬತ್ತದೆ" ಎಂದು ಸುತ್ತಮುತ್ತಲ ತೋಟದವರು ಹೇಳುತ್ತಿದ್ದರು. ಸಿದ್ದೇಶ ಅಂದರೆ ನಾನೇ.

ಬರಬರುತ್ತ ಆ ಕೈ ಬೆಳಿಗ್ಗೆ ಹೊತ್ತು ನಡುಗತೊಡಗಿತು. ನಾನು ಕೆಲಸಕ್ಕೆ ಹೋಗುತ್ತಿದ್ದದ್ದು ಶಿವಣ್ಣನವರೆಂಬ ಕೊಬ್ಬರಿ ಸಾಹುಕಾರರ ಬಳಿ. ಒಳ್ಳೆಯ ಮನುಷ್ಯ. ನನ್ನ ಮಗಳು ಸಹನಾಳಿಗೆ ಶಾಲೆಯ ಪುಸ್ತಕ ಕೊಡಿಸಿದವರು. ಅವರು ನನ್ನ ನಡುಕ ನೋಡಿ, "ಮೊದ್ಲು ಕೈ ನಿಲ್ಲಿಸ್ಕಳಪ್ಪ, ಆಮೇಲೆ ಮಚ್ಚು ಹಿಡಿ" ಎಂದು ಬೆಳಿಗ್ಗೆ ಎಂಟಕ್ಕೆ ಸ್ಟೀಲ್ ಲೋಟದಲ್ಲಿ ಹಾಕಿಕೊಡುತ್ತಿದ್ದರು. ನಾನು ಕರಡಿಗೆ ತೆಗೆದು ಅಟ್ಟದ ಏಣಿಗೆ ಸಿಕ್ಕಿಸಿ, ಲೋಟ ಎತ್ತುತ್ತಿದ್ದೆ. ಹತ್ತು ನಿಮಿಷದಲ್ಲಿ ಕೈ ನಿಲ್ಲುತ್ತಿತ್ತು. ಕಟ್ಟಡದ ಕೆಲಸದವರಿಗೆ ಟೀ ಕೊಟ್ಟ ಹಾಗೆ ನನಗೆ ಬ್ರಾಂದಿ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ನನಗಂತೂ ಮೊದಲೇ ಇಲ್ಲ.

ಕಡೆಗೆ ಒಂದು ದಿನ ಗಿರಿಜೆ ತನ್ನ ಅಣ್ಣನನ್ನು ಕರೆಸಿದಳು. ನನ್ನ ಅವ್ವ ಮೂಲೆಯಲ್ಲಿ ಕೂತು, "ನನ್ ಮಗನ್ದೇನೂ ತಪ್ಪಿಲ್ಲ ಕಣಪ್ಪ, ಯಾರೋ ಮಾಟ ಮಾಡ್ಸವ್ರೆ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಭಾವ ಮಾತಾಡುವ ಜಾತಿಯಲ್ಲ. ನನ್ನ ರಟ್ಟೆ ಹಿಡಿದು ಮಠಕ್ಕೆ ಕರೆದುಕೊಂಡು ಹೋಗಿ, ಗದ್ದುಗೆಯ ಮುಂದೆ ನಿಲ್ಲಿಸಿ, ವಿಭೂತಿ ಮುಟ್ಟಿಸಿ ಆಣೆ ಹಾಕಿಸಿದರು. "ಇನ್ನು ಜನ್ಮದಲ್ಲಿ ಮುಟ್ಟಕ್ಕಿಲ್ಲ." ನಾನು ಮನಸಾರೆ ಹೇಳಿದೆ. ಕುಡುಕ ಆಣೆ ಇಡುವಾಗ ಸುಳ್ಳು ಹೇಳುತ್ತಾನೆ ಎಂದು ಎಲ್ಲರೂ ತಿಳಿದಿದ್ದಾರೆ, ಖಂಡಿತ ಅಲ್ಲ. ಆ ಹೊತ್ತಿಗೆ ಅವನಷ್ಟು ಸತ್ಯವಂತ ಲೋಕದಲ್ಲೇ ಇರುವುದಿಲ್ಲ.

ಆಣೆ ಉಳಿಸಿಕೊಂಡೆ. ತಮಾಷೆಯೆಂದರೆ ಅದರಿಂದಲೇ ಸಾಯುವುದರಲ್ಲಿದ್ದೆ. ಮೊದಲ ದಿನ ಬೆವರು, ಎರಡನೇ ದಿನ ಗೋಡೆಯ ಮೇಲೆಲ್ಲ ಇರುವೆ ಸಾಲು ಕಂಡು ಪೊರಕೆ ಹಿಡಿದು ಗುಡಿಸಿದೆ. ಇರುವೆ ಒಂದೂ ಇರಲಿಲ್ಲ. ಮೂರನೇ ದಿನ ಸಹನಾಳ ಕಾಲೇಜಿನ ಅರ್ಜಿ ಕೊಡಲು ಅವಳ ಜೊತೆ ಅರಸೀಕೆರೆಗೆ ಹೋದೆ. ಬಸ್ ನಿಲ್ದಾಣದಲ್ಲಿ ಇಳಿದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಬಾಯಲ್ಲಿ ರಕ್ತ, ಬಲಗೈಯಲ್ಲಿ ಯಾರೋ ಹಿಡಿಸಿದ ಬೀಗದ ಕೈ ಗೊಂಚಲು. ಫಿಟ್ಸ್ ಬಂದವರಿಗೆ ಕಬ್ಬಿಣ ಹಿಡಿಸಬೇಕು ಅಂತಾರಲ್ಲ, ಹಾಗೆ. ಸಹನಾ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ನಮ್ಮಪ್ಪ ಕುಡಿದಿಲ್ಲ, ನಿಜವಾಗ್ಲೂ ಇವತ್ತು ಕುಡಿದಿಲ್ಲ" ಎಂದು ನಿಂತವರಿಗೆಲ್ಲ ಹೇಳುತ್ತಿದ್ದಳು. ಇದನ್ನು ಓದುವವರ ಮನೆಯಲ್ಲಿ ನನ್ನಂಥವರಿದ್ದರೆ ಕೈಮುಗಿದು ಹೇಳುತ್ತೇನೆ, ಮೊದಲು ಡಾಕ್ಟರ ಹತ್ತಿರ ಹೋಗಿ. ಏಕಾಏಕಿ ನಿಲ್ಲಿಸುವ ಶೂರತನ ಬೇಡ. ಆಣೆಯನ್ನು ಆಮೇಲೆ ಇಟ್ಟರೂ ದೇವರು ಕೇಳಿಸಿಕೊಳ್ಳುತ್ತಾನೆ.

ಮಾರನೆಯ ದಿನ ಹಾಸನದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಗಿರಿಜೆಯೂ ಕೂತಿದ್ದೆವು. ಪಕ್ಕದಲ್ಲಿ ಗಡ್ಡದ ಒಬ್ಬ ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಅವನ ತಂಗಿ ಚೀಟಿ ಮಾಡಿಸಲು ಹೋಗಿದ್ದಳು. "ನಿಮ್ಗೇನು ತೊಂದ್ರೆ?" ಎಂದ. "ಶುಗರ್ರು" ಎಂದೆ. "ನಿಮಗೆ?" "ಗ್ಯಾಸ್ಟ್ರಿಕ್ಕು." ಇಬ್ಬರೂ ಗಂಭೀರವಾಗಿ ತಲೆಯಾಡಿಸಿದೆವು. ನಾನು ಅವನಿಗೆ ಹಾಗಲಕಾಯಿ ರಸ ಒಳ್ಳೆಯದು ಎಂದೂ ಹೇಳಿದೆ. ಗ್ಯಾಸಿಗೆ ಹಾಗಲಕಾಯಿ ಯಾಕೆ ಎಂದು ಅವನೂ ಕೇಳಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದು ಕುಡಿತ ಬಿಡಿಸುವ ವಿಭಾಗದ ಬಾಗಿಲಲ್ಲಿ ನಿಂತು ಇಬ್ಬರ ಹೆಸರನ್ನೂ ಒಟ್ಟಿಗೆ ಕೂಗಿದಳು. ಅವನು ಅರಸೀಕೆರೆಯ ಲಾರಿ ಮೆಕ್ಯಾನಿಕ್ ಅನ್ವರ್. ಎದ್ದು ನಿಂತು ನನ್ನನ್ನು ನೋಡಿ, "ಬನ್ನಿ ಶುಗರ್ ಸಾಹೇಬ್ರೇ" ಎಂದ. ಮೂರು ದಿನದ ಮೇಲೆ ಮೊದಲ ಸಲ ನಕ್ಕೆ. ಗಿರಿಜೆ ನಗಲಿಲ್ಲ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಿಗ್ಗೆ ಕೈ ನಡುಗುತ್ತದೆಯೇ ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ, "ಒಂದು ಹಾಕಿದ್ರೆ ನಿಂತೋಯ್ತದೆ ಮೇಡಂ" ಎಂದೆ. ಅವರು ಪೆನ್ನು ಕೆಳಗಿಟ್ಟು, "ಅದೇ ಕಾಯಿಲೆ ಕಣ್ರೀ. ಕುಡಿಯೋದು ಮಜಕ್ಕಲ್ಲ, ಕೈ ನಿಲ್ಲೋದಕ್ಕೆ ಅಂತ ಯಾವಾಗ ಆಯ್ತೋ ಅವತ್ತೇ ಕಾಯಿಲೆ" ಎಂದರು. ಗಿರಿಜೆಗೆ ರೇಗಿಹೋಯಿತು. "ಕಾಯಿಲೆ ಅಂತ ಹೇಳಿ ಇವ್ರಿಗೆ ಇನ್ನೊಂದು ನೆಪ ಕೊಟ್ರಲ್ಲ ಮೇಡಂ! ಇನ್ಮೇಲೆ ಕುಡ್ಕಂಡು ಬಂದು ನಂಗೆ ಜ್ವರ ಬಂದೈತೆ ಅಂತಾರೆ." ಡಾಕ್ಟರು ಅವಳ ಕಡೆ ತಿರುಗಿ ತಾಳ್ಮೆಯಿಂದ, "ಶುಗರ್ ಇರೋರು ಮಾತ್ರೆ ನುಂಗ್ಬೇಕು, ಲಾಡು ಬಿಡ್ಬೇಕು. ಅದು ಅವರ ಕೆಲಸ, ಹೆಂಡತಿ ಕೆಲಸ ಅಲ್ಲ. ಇದೂ ಹಂಗೇ" ಎಂದರು. ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅವಳ ಕೆಲಸ ಅಲ್ಲ ಎಂದು ಅವಳಿಗೆ ಯಾರಾದರೂ ಹೇಳಿದ್ದು ಅದೇ ಮೊದಲು ಅಂತೆ. ಅದನ್ನು ನನಗೆ ಬಹಳ ದಿನದ ಮೇಲೆ ಹೇಳಿದಳು.

ಆಸ್ಪತ್ರೆಯಲ್ಲಿ ಹತ್ತು ದಿನ, ಆಮೇಲೆ ಊರಾಚೆಯ ಒಂದು ಕೇಂದ್ರದಲ್ಲಿ ಒಂದೂವರೆ ತಿಂಗಳು. ಅಲ್ಲಿನ ಭಯ ಹೇಳಿದರೆ ಮುಗಿಯುವುದಿಲ್ಲ. ಹೊರಗೆ ಹೋದರೆ ಕುಡಿದುಬಿಡುತ್ತೇನೆ ಎಂಬ ಭಯ, ಒಳಗೇ ಇದ್ದರೆ ಹುಚ್ಚು ಹಿಡಿಯುತ್ತದೆ ಎಂಬ ಭಯ. ಮೊದಲ ವಾರ ಗಂಜಿಯ ಲೋಟ ಹಿಡಿದರೆ ಅರ್ಧ ಅಂಗಿಯ ಮೇಲೆ. ಕಸ ಗುಡಿಸುವ ಆಯಮ್ಮ ಅದನ್ನು ನೋಡಿ, ಯಾರಿಗೂ ಹೇಳದೆ, ಮರುದಿನದಿಂದ ನನಗೊಬ್ಬನಿಗೆ ಗಂಜಿಯನ್ನು ಅಗಲ ಬಾಯಿಯ ಚೊಂಬಿನಲ್ಲಿ ಅರ್ಧ ಮಾತ್ರ ತುಂಬಿ ತಂದು ಕೊಡುತ್ತಿದ್ದಳು. ಖಾಲಿಯಾದ ಮೇಲೆ ಮತ್ತೆ ಅರ್ಧ. ನಾನು ಆ ತಾಯಿಯ ಹೆಸರು ಕೇಳದೆ ಬಂದುಬಿಟ್ಟೆ.

ಬಿಡುಗಡೆಯ ದಿನ ಗಿರಿಜೆ ಬಂದಳು, ಕೈಯಲ್ಲಿ ನನ್ನ ಬಟ್ಟೆಯ ದೊಡ್ಡ ಚೀಲ. ಮನೆಗೆ ಹೋಗುವವನಿಗೆ ಮನೆಯಿಂದ ಬಟ್ಟೆ ಯಾಕೆ ತಂದಳು ಎಂದುಕೊಂಡೆ. ಅವಳು ಚೀಲ ನನ್ನ ಕಾಲ ಬಳಿ ಇಟ್ಟು ಹೇಳಿದಳು. "ಹಳೇಬೀಡಲ್ಲಿ ಒಂದು ಮನೆ ಐತಂತೆ, ಕುಡಿಯೋದು ಬಿಟ್ಟೋರೇ ಇರೋದು. ಡಾಕ್ಟರಮ್ಮ ಹೇಳಿದ್ರು. ಅಲ್ಲಿರಿ. ಆಸ್ಪತ್ರೆಗೆ ಸೇರಿದ ದಿನದಿಂದ ಒಂದು ವರ್ಷ ಕುಡೀದೆ ಇದ್ದು ತೋರ್ಸಿ. ನೀವಾಗಿ ಬರಬ್ಯಾಡಿ. ವರ್ಷ ಆದ ಮೇಲೆ ನಾನೇ ಬಂದು ಕರ್ಕಂಡ್ ಹೋಗ್ತೀನಿ." "ಬರದೇ ಹೋದ್ರೆ?" ಎಂದೆ. "ಬರದೇ ಹೋದ್ರೆ ಬರ್ಲಿಲ್ಲ ಅಂತ ತಿಳ್ಕಳಿ" ಎಂದು ಬಸ್ಸು ಹತ್ತಿದಳು. ಅವಳು ಬೆದರಿಸುವ ಹೆಂಗಸಲ್ಲ, ಹೇಳಿದ್ದನ್ನು ಮಾಡುವವಳು.

ಹಳೇಬೀಡಿನ ಆ ಮನೆ ಕೆರೆ ಏರಿಯ ಕೆಳಗೆ ಇದೆ. ಹೆಂಚಿನ ಮನೆ, ಮೂರು ಕೋಣೆ, ಆರು ಜನ. ನಡೆಸುವವರು ಒಬ್ಬ ನಿವೃತ್ತ ಮೇಷ್ಟ್ರು. ಅವರೂ ಒಂದು ಕಾಲದಲ್ಲಿ ಬೋರ್ಡಿನ ಮುಂದೆ ತೂರಾಡಿದವರೇ. ಅನ್ವರ್ ನನಗಿಂತ ನಾಲ್ಕು ದಿನ ಮೊದಲೇ ಬಂದು ಕಿಟಕಿಯ ಪಕ್ಕದ ಜಾಗ ಹಿಡಿದಿದ್ದ. ಬೆಳಿಗ್ಗೆ ಐದೂವರೆಗೆ ಏಳಬೇಕು, ಅಡಿಗೆ ನಾವೇ ಮಾಡಬೇಕು, ಹಗಲು ಏನಾದರೂ ದುಡಿಮೆ ಮಾಡಬೇಕು, ಸಂಜೆ ಜಗಲಿಯ ಮೇಲೆ ಕೂತು ಅವತ್ತಿನ ದಿನ ಹೇಗಿತ್ತು ಎಂದು ಒಬ್ಬೊಬ್ಬರೂ ಹೇಳಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿಯೊಬ್ಬನ ದಿನಗಳ ಎಣಿಕೆ. ಕುಡಿದರೆ ಎಣಿಕೆ ಮತ್ತೆ ಒಂದಕ್ಕೆ ಬರುತ್ತದೆ. ಅಷ್ಟೇ ಅಲ್ಲ, ನಿಮ್ಮಿಂದ ಯಾರಿಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿದೆಯೋ ಅವರಿಗೆ ನೀವೇ, ಮಾರನೆಯ ದಿನ ಬೆಳಿಗ್ಗೆ ಟೀ ಕುಡಿಯುವ ಮೊದಲು, ಹೇಳಿಬಿಡಬೇಕು. ಆ ಕೊನೆಯ ನಿಯಮ ಕೇಳಿ ನಾನು ಮನಸ್ಸಿನಲ್ಲೇ ನಕ್ಕೆ. ನನಗೆ ಅದರ ಅಗತ್ಯ ಬೀಳುವುದಿಲ್ಲ, ಕೊರಳಲ್ಲಿ ಕರಡಿಗೆ ಇದೆಯಲ್ಲ ಎಂದುಕೊಂಡೆ.

ದೇವಸ್ಥಾನದ ಗೇಟಿನ ಹತ್ತಿರ ನಾನೂ ಅನ್ವರೂ ಎಳನೀರು ಮಾರಲು ನಿಂತೆವು. ಪ್ರವಾಸಿಗರು ಎಳನೀರು ಹೀರುತ್ತ, ಇದನ್ನು ಯಾವ ರಾಜ ಕಟ್ಟಿಸಿದ್ದು, ಯಾರು ಹಾಳು ಮಾಡಿದ್ದು ಎಂದು ನನ್ನನ್ನೇ ಕೇಳುತ್ತಿದ್ದರು. ಅನ್ವರ್ ಪಕ್ಕದಿಂದ, "ಹಾಳು ಮಾಡೋ ವಿಚಾರ ಇವ್ರನ್ನೇ ಕೇಳಿ ಸಾರ್, ಅನುಭವಸ್ಥರು" ಎನ್ನುತ್ತಿದ್ದ. ಭಾನುವಾರ ಸಹನಾ ಫೋನ್ ಮಾಡುತ್ತಿದ್ದಳು. ಅಮ್ಮನಿಗೆ ಕೊಡು ಎಂದರೆ, "ಅಮ್ಮ ಹಿತ್ತಿಲಲ್ಲಿದಾರೆ ಅಪ್ಪ" ಎನ್ನುತ್ತಿದ್ದಳು. ಪ್ರತಿ ಭಾನುವಾರವೂ ಗಿರಿಜೆ ಹಿತ್ತಿಲಲ್ಲೇ ಇರುತ್ತಿದ್ದಳು.

ಆಸ್ಪತ್ರೆಗೆ ಸೇರಿ ನಾಲ್ಕು ತಿಂಗಳು ದಾಟಿತು. ಶಿವಣ್ಣನವರು ಬೇಲೂರಿನ ದಾರಿಯಲ್ಲಿ ಹೊಸದಾಗಿ ಒಂದು ತೋಟ ವಹಿಸಿಕೊಂಡಿದ್ದರು. ಅಲ್ಲಿನ ಅಟ್ಟದ ಕಾಯಿ ಇಳಿಸುತ್ತಿದ್ದೇವೆ, ಒಂದು ದಿನಕ್ಕೆ ಬಾ ಎಂದು ಹೇಳಿ ಕಳುಹಿಸಿದರು. ಮೇಷ್ಟ್ರು, "ಇನ್ನೂ ಬೇಡ ಸಿದ್ದೇಶಪ್ಪ, ಹೋದ್ರೂ ಒಬ್ರೇ ಹೋಗಬೇಡಿ" ಎಂದರು. ನನಗೆ ಅಹಂಕಾರ. "ನಾನೇನು ಎಳೇ ಮಗುನಾ ಮೇಷ್ಟ್ರೇ?" ಎಂದು ಒಬ್ಬನೇ ಬಸ್ಸು ಹತ್ತಿದೆ.

ಅಟ್ಟದ ಕೆಳಗೆ ಎಲ್ಲ ಹಳೆಯ ಮುಖಗಳು. ಶಿವಣ್ಣನವರು ನನ್ನನ್ನು ನೋಡಿ ಖುಷಿಯಾಗಿ, ಕೇಳಲೂ ಇಲ್ಲ, ಸ್ಟೀಲ್ ಲೋಟ ತಂದು ಮುಂದೆ ಇಟ್ಟರು. ಅವರಿಗೆ ಅದು ಬಂದವರಿಗೆ ನೀರು ಕೊಟ್ಟಷ್ಟೇ ಸಹಜ. ನನ್ನ ಕೈ ಆ ಹೊತ್ತಿಗೆ ನಡುಗುತ್ತಲೂ ಇರಲಿಲ್ಲ. ಆದರೆ ನೋಡುತ್ತೇನೆ, ಕರಡಿಗೆ ಆಗಲೇ ಏಣಿಯಲ್ಲಿ ನೇತಾಡುತ್ತಿದೆ. ಯಾವಾಗ ತೆಗೆದೆ? ನನಗೇ ತಿಳಿಯದು. ಕುಡಿಯಬೇಕೋ ಬೇಡವೋ ಎಂದು ತಲೆ ಯೋಚಿಸುವ ಮೊದಲೇ ಕೈ ಕೊರಳಿಗೆ ಹೋಗಿ ತನ್ನ ಕೆಲಸ ಮುಗಿಸಿತ್ತು. ತೆಗೆದದ್ದಾಯಿತಲ್ಲ ಎಂದು ಕುಡಿದೆ. ಅವತ್ತು ಒಂದೂ ಉಂಡೆ ಹೋಳಾಗಲಿಲ್ಲ. "ಹಳೇ ಸಿದ್ದೇಶ ಬಂದ ಕಣ್ರಲಾ!" ಎಂದು ಎಲ್ಲರೂ ಬೆನ್ನು ತಟ್ಟಿದರು. ನನಗೆ ಅಳು ಬರುತ್ತಿತ್ತು.

ಮನೆಗೆ ಬಂದಾಗ ಮೇಷ್ಟ್ರಿಗೆ ವಾಸನೆಯೇ ಸಾಕಾಯಿತು. ಬೈಯಲಿಲ್ಲ. ಕ್ಯಾಲೆಂಡರಿನಲ್ಲಿ ನನ್ನ ಹೆಸರಿನ ಮುಂದೆ ಒಂದು ಎಂದು ಬರೆದರು. ಬೆಳಿಗ್ಗೆ ಅನ್ವರ್ ಟೀ ಸೋಸುತ್ತಿದ್ದಾಗ ಮೇಷ್ಟ್ರು ಫೋನ್ ತಂದು ಕೈಗೆ ಕೊಟ್ಟರು. ಸುಳ್ಳು ಹೇಳಬಹುದಿತ್ತು. ಸಹನಾಗೆ ಮಾಡಿ ಅಮ್ಮ ಹಿತ್ತಿಲಲ್ಲಿದ್ದಾಳೆ ಅನ್ನಿಸಿಕೊಂಡು ಮುಗಿಸಬಹುದಿತ್ತು. ಹನ್ನೊಂದು ವರ್ಷದಲ್ಲಿ ನಾನು ಕುಡಿದೆ ಎಂದು ಗಿರಿಜೆಗೆ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ, ಮೊಳೆಯೇ ಹೇಳುತ್ತಿತ್ತು. ನೇರ ಅವಳ ನಂಬರಿಗೇ ಮಾಡಿದೆ.

"ಗಿರಿಜೆ, ನಿನ್ನೆ ಕುಡಿದೆ."

ಅತ್ತ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಎಲ್ಲಿ?"

"ಶಿವಣ್ಣೋರ ಹೊಸ ತೋಟದಲ್ಲಿ. ಅವ್ರದ್ದೇನೂ ತಪ್ಪಿಲ್ಲ. ನಾನೇ."

"ತಿಂಡಿ ತಿಂದ್ರಾ?"

"ಇಲ್ಲ."

"ತಿನ್ನಿ" ಎಂದು ಫೋನ್ ಇಟ್ಟಳು.

ಅಷ್ಟೇ. ನಾನು ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎಲ್ಲ ಮುಗಿಯಿತು, ಇನ್ನು ಬರುವುದಿಲ್ಲ ಇವಳು ಎಂದೇ ಅನ್ನಿಸಿತು. ಅನ್ವರ್ ಉಪ್ಪಿಟ್ಟಿನ ತಟ್ಟೆ ತಂದು ಮುಂದೆ ಇಟ್ಟು, "ತಿನ್ನು ಅಂದವ್ರಲ್ಲ, ತಿನ್ನಣ್ಣ. ನೀನು ಬ್ಯಾಡ ಅನ್ನಿಸಿದ್ರೆ ಉಪವಾಸ ಸಾಯಿ ಅಂತಿದ್ರು" ಎಂದ. ಕಣ್ಣೀರು ಒರೆಸಿಕೊಂಡು ತಿಂದೆ. ಆ ಮಾತಿನ ಆಸರೆಯಲ್ಲಿ ಒಂದು ವಾರ ತಳ್ಳಿದೆ.

ಫೋನ್ ಮಾಡಿದ ದಿನದ ಸಂಜೆಯೇ ಮೊಳೆಯ ಕಥೆಯನ್ನು ಎಲ್ಲರ ಮುಂದೆ ಹೇಳಿದೆ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆ, ಕುಲದ ಮಾನದ ವಿಷಯ ಎಂಬ ಸಂಕೋಚ. ಮೇಷ್ಟ್ರು ಕೇಳಿ ಹೇಳಿದರು. "ಕರಡಿಗೆ ನಿಮ್ಮನ್ನ ಕಾಯುತ್ತೆ ಅಂತ ನೀವು ನಂಬಿದ್ರಿ. ಅದನ್ನ ತೆಗೆಯೋ ಕೈ ನಿಮ್ಮದೇ ಅಲ್ವೇನ್ರೀ? ಕೈನ ಕಾಯಿರಿ." ಅವತ್ತಿನಿಂದ ಮನೆಯ ಐದು ಜನಕ್ಕೂ ಅದೇ ಕೆಲಸವಾಯಿತು. ನನ್ನ ಕೈ ಕೊರಳ ಕಡೆ ಹೋದರೆ ಸಾಕು, ಯಾರು ಕಂಡರೂ ಕೂಗುವುದು. ಬೇಸಿಗೆ ಬಂತು, ಕೊರಳೆಲ್ಲ ಬೆವರುಸಾಲೆ. ಸುಮ್ಮನೆ ಕೆರೆದುಕೊಂಡರೂ, ದೇವಸ್ಥಾನದ ಗೇಟಿನಲ್ಲಿ ಐವತ್ತು ಜನ ಪ್ರವಾಸಿಗರ ನಡುವೆ, ಅನ್ವರ್ ಬಾಯಿ ಹರಿಯುವಂತೆ, "ಏನ್ಲಾ ಸಿದ್ದೇಶ, ಕೈ ಎಲ್ಲಿಗೋಯ್ತು?" "ಕೆರೆತ ಕಣೋ ಮಾರಾಯ!" "ಕೆರೆತಕ್ಕೆ ಪೌಡರ್ ಹಾಕು, ದಾರ ಮುಟ್ಟಬ್ಯಾಡ!"

ಒಂದು ದಿನ ಅದು ಕೆರೆತವಾಗಿರಲಿಲ್ಲ. ಅವ್ವ ಫೋನಿನಲ್ಲಿ, "ನಿನ್ ಹೆಂಡ್ತಿ ಮನಸ್ಸು ಕಲ್ಲಾಗೈತೆ ಕಣಪ್ಪ, ನಿನ್ ಹೆಸ್ರೇ ಎತ್ತಲ್ಲ" ಎಂದಿದ್ದಳು. ಅನ್ವರ್ ನಮಾಜಿಗೆ ಹೋಗಿದ್ದ. ನಾನು ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ, ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಬೆರಳಿಗೆ ತಣ್ಣಗೆ ಏನೋ ತಾಕಿತು. ಬೆಳ್ಳಿ. ಕೈ ಆಗಲೇ ಕೊರಳಲ್ಲಿತ್ತು, ದಾರ ಅರ್ಧ ಎತ್ತಿತ್ತು. ಕೂಗಲು ಯಾರೂ ಇರಲಿಲ್ಲ. ನಾನೇ ಗಟ್ಟಿಯಾಗಿ, ರಸ್ತೆಯ ನಡುವೆ, "ಏನ್ಲಾ ಸಿದ್ದೇಶ, ಕೈ ಎಲ್ಲಿಗೋಯ್ತು?" ಎಂದೆ. ಹೂವಿನ ಅಂಗಡಿಯಾಕೆ ಗಾಬರಿಯಿಂದ ನೋಡಿದಳು. ಹಿಂದಕ್ಕೆ ತಿರುಗಿ ಮನೆಗೆ ಬಂದು ಮೇಷ್ಟ್ರ ಎದುರು ಕೂತೆ. ಜೀವನದಲ್ಲಿ ಅಷ್ಟು ಸಂತೋಷ ಪಟ್ಟ ದಿನ ಕಡಿಮೆ. ಕೈಯನ್ನು ನಾನೇ ಹಿಡಿದಿದ್ದೆ!

ಆದರೆ ಕಸುಬಿನ ಭಯ ಹೋಗಿರಲಿಲ್ಲ. ಮೂರು ಹೊತ್ತೂ ಒಂದೇ ಯೋಚನೆ, ಕುಡಿಯದೆ ನನ್ನ ಕೈಗೆ ಕೊಬ್ಬರಿ ಬಿಡಿಸಲು ಬರುತ್ತದೆಯೋ ಇಲ್ಲವೋ. ಎಷ್ಟೋ ವರ್ಷದಿಂದ ಕುಡಿಯದೆ ಒಂದನ್ನೂ ಬಿಡಿಸಿರಲಿಲ್ಲ. ಮೇಷ್ಟ್ರು ಪರಿಚಯದವರ ಅಟ್ಟದಿಂದ ಒಂದು ಚೀಲ ಕಾಯಿ ತರಿಸಿದರು. ಜಗಲಿಯ ಮೇಲೆ ಐದು ಜನ ಸುತ್ತ ಕೂತರು, ಹೆರಿಗೆ ನೋಡಲು ಬಂದವರ ಹಾಗೆ. ಮೊದಲನೆಯದು ಹೋಳು. ಎರಡನೆಯದು ಹೋಳು. ಒಂಬತ್ತು ಕಾಯಿ ಸಾಲಾಗಿ ಹೋಳಾದವು. ಅನ್ವರ್ ಹೋಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ, "ನಿಧಾನ ಆಗ್ಲಿ ಬಿಡಣ್ಣ, ನಮಗೇನೂ ಅವಸರ ಇಲ್ಲ" ಎಂದ. ಹತ್ತು ದಿನ ನಮ್ಮ ಮನೆಯಲ್ಲಿ ಕೊಬ್ಬರಿ ಚಟ್ನಿ, ಕೊಬ್ಬರಿ ಮಿಠಾಯಿ, ಸಾರಿಗೂ ಕೊಬ್ಬರಿ. ಎರಡನೇ ಚೀಲದಲ್ಲಿ ಒಂದು ಕರಟ ನಾಲ್ಕು ಕಡೆ ಬಿರುಕು ಬಿಟ್ಟು, ಒಳಗಿನ ಉಂಡೆ ಒಂದು ಗೀರೂ ಇಲ್ಲದೆ ನನ್ನ ಅಂಗೈಗೆ ಬಂದು ಕೂತಿತು. ಮೇಷ್ಟ್ರು ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

ಹತ್ತನೇ ತಿಂಗಳಲ್ಲಿ ಅನ್ವರ್‌ನನ್ನು ಕರೆದುಕೊಂಡು ಶಿವಣ್ಣನವರ ತೋಟಕ್ಕೆ ಹೋದೆ. ಅವರು ಅದೇ ಲೋಟ ತಂದರು. ನಾನು ಎರಡೂ ಕೈ ಜೋಡಿಸಿ, "ಬ್ಯಾಡಿ ಸಾಹುಕಾರ್ರೇ. ಕಾಫಿ ಇದ್ರೆ ಕೊಡಿ" ಎಂದೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ಲೋಟವನ್ನು ತೆಂಗಿನ ಪಾತಿಗೆ ಚೆಲ್ಲಿ, "ಇಷ್ಟು ವರ್ಷ ನಿನ್ನ ಬಾಯಿಗೆ ನಾನೇ ಹಾಕಿದ್ನಲ್ಲಯ್ಯ" ಎಂದು ಕಲ್ಲಿನ ಮೇಲೆ ಕೂತುಬಿಟ್ಟರು. ಆ ದೊಡ್ಡ ಮನುಷ್ಯನನ್ನು ನಾನೇ ಸಮಾಧಾನ ಮಾಡಬೇಕಾಯಿತು. ಕಾಫಿ ಬಂತು. ಸಂಜೆಯವರೆಗೆ ಬಿಡಿಸಿದೆ, ಕರಡಿಗೆ ಅಂಗಿಯ ಒಳಗೇ ಇತ್ತು. ಹೋಳಾದವು ಮೂರೋ ನಾಲ್ಕೋ. ಹಳೆಯ ಸಿದ್ದೇಶ ಬಂದ ಎಂದು ಈ ಸಲ ಯಾರೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಬೇಕಾಗಿತ್ತು.

ಆಸ್ಪತ್ರೆಗೆ ಸೇರಿ ವರ್ಷ ತುಂಬುವ ದಿನ ಬಂತು, ಹೋಯಿತು. ನನಗೆ ಅದರ ನೆನಪಿತ್ತು, ಆಸೆ ಇರಲಿಲ್ಲ. ನಡುವೆ ಕುಡಿದಿದ್ದೆನಲ್ಲ. ಮನೆಯ ಕ್ಯಾಲೆಂಡರಿನ ಪ್ರಕಾರ ನನಗೆ ಇನ್ನೂ ನಾಲ್ಕು ತಿಂಗಳ ಮೇಲೆ ಬಾಕಿ. ಅದು ತುಂಬಿದ ಮೇಲೂ ಗಿರಿಜೆ ಬರುತ್ತಾಳೆ ಎಂದು ಹೇಳುವವರು ಯಾರು? ಆದರೂ ಅವತ್ತು ದಿನವಿಡೀ ಅರಸೀಕೆರೆ ಕಡೆಯಿಂದ ಬಂದ ಪ್ರತಿ ಬಸ್ಸನ್ನೂ ನೋಡಿದೆ. ಅನ್ವರ್ ಕಂಡೂ ಕಾಣದ ಹಾಗಿದ್ದ.

ಮಾರನೆಯ ದಿನ ಮಧ್ಯಾಹ್ನ ನಾನು ಬೇಲೂರಿನಿಂದ ಬಂದ ಒಂದು ಕುಟುಂಬಕ್ಕೆ ಎಳನೀರು ಕೆತ್ತುತ್ತಿದ್ದೆ. ತಲೆ ಎತ್ತಿದರೆ ಗಿರಿಜೆ. ಹೊಸ ಸೀರೆ, ಕೈಯಲ್ಲಿ ಖಾಲಿ ಚೀಲ.

"ಅವ್ವಂಗೇನಾದ್ರೂ ಆಯ್ತಾ?" ಎಂದೆ.

"ಅತ್ತೆ ಚೆನ್ನಾಗವ್ರೆ. ಬಟ್ಟೆ ತುಂಬ್ಕಳಿ, ಹೋಗನ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಗೆ!"

ಅನ್ವರ್ ನನ್ನ ಕೈಯಿಂದ ಮಚ್ಚು ತೆಗೆದುಕೊಂಡ. ಸುಳ್ಳು ಹೇಳಿ ಅವಳ ಜೊತೆ ಹೋಗುವುದು ಬೇಡ ಎಂದು ಮಾತ್ರ ನನಗೆ ತಿಳಿಯುತ್ತಿತ್ತು. "ವರ್ಷ ಆಗಿಲ್ಲ ಕಣೇ. ನಾನು ನಡುವೆ ಕುಡಿದೆ, ಫೋನ್ ಮಾಡಿ ಹೇಳಿದ್ನಲ್ಲ, ಮರೆತ್ಯಾ? ನಂದು ಮತ್ತೆ ಒಂದರಿಂದ ಶುರುವಾಗೈತೆ. ಇನ್ನೂ ನಾಕು ತಿಂಗಳ ಮೇಲೈತೆ."

"ಈ ಮನೆ ಎಣಿಕೆ ಈ ಮನೇದು. ಅದು ನಿಮ್ಗೆ ಒಳ್ಳೇದೇ, ಭಾನುವಾರ ಭಾನುವಾರ ಬಂದು ಬರೆಸ್ಕಂಡು ಹೋಗಿ" ಎಂದಳು ಗಿರಿಜೆ. "ನನ್ನ ಎಣಿಕೆ ಬೇರೆ. ಕುಡೀದೆ ಇದ್ದ ದಿನ ಇದ್ದಿದ್ದು ಸುಳ್ಳಾ? ಅವನ್ನೆಲ್ಲ ಯಾಕೆ ಅಳಿಸ್ಲಿ?"

"ಆದ್ರೆ ಕುಡಿದಿದ್ದು?"

"ಅದು ಒಂದ್ ದಿನ. ಅದ್ಕೇ ನಿನ್ನೆ ಬರ್ಲಿಲ್ಲ, ಇವತ್ತು ಬಂದೆ."